ಬಿತ್ತನೆ ಮುಗಿಯಿತೇ ಎಂದು ಮೊದಲು ಕೇಳಿಕೊಳ್ಳಿ

ನಮ್ಮ ಶಿರೋಳದಿಂದ ಹೊರಟು, ಎಂಜಿನಿಯರಿಂಗ್ ಮುಗಿಸಿ, ಲಿನಕ್ಸ್ ಕರ್ನಲ್‌ಗೆ ಡ್ರೈವರ್ ಬರೆಯುವ ಕೆಲಸ ಹಿಡಿದ ಮಕ್ಕಳಿಗೆ ಈ ಮಾತು.

ಡ್ರೈವರಿನ ಒಂದಷ್ಟು ಕೋಡ್ ಒಮ್ಮೆ ಮಾತ್ರ ಓಡುತ್ತದೆ. ಡ್ರೈವರನ್ನು ನೋಂದಾಯಿಸುವುದು, ಬೂಟ್ ಸಾಲಿನಲ್ಲಿ ಬಂದ ಆಯ್ಕೆಗಳನ್ನು ಓದುವುದು, ಅಷ್ಟೇ ಅದರ ಕೆಲಸ. ಇಂಥ ಫಂಕ್ಷನ್ನಿಗೆ ‘ಇನಿಟ್’ ಗುರುತು ಹಾಕಿದರೆ ಲಿಂಕರ್ ಅದನ್ನು ಬೇರೆ ವಿಭಾಗದಲ್ಲಿ ಒಟ್ಟುಮಾಡಿಡುತ್ತದೆ. ಬೂಟ್ ಮುಗಿದೊಡನೆ ಕರ್ನಲ್ ಆ ಜಾಗವನ್ನೆಲ್ಲ ವಾಪಸು ಪಡೆಯುತ್ತದೆ. ಲಾಗ್‌ನಲ್ಲಿ ‘ಫ್ರೀಯಿಂಗ್ ಅನ್‌ಯೂಸ್ಡ್ ಕರ್ನಲ್’ ಎಂದು ಶುರುವಾಗುವ ಸಾಲನ್ನು ನೀವೆಲ್ಲ ನೋಡಿದ್ದೀರಿ.

ಕೆಲವು ಕಿಲೋಬೈಟಿಗೆ ಇಷ್ಟು ಪಾಡೇಕೆ ಅನ್ನಬೇಡಿ. 2001ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ತೋರಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ಓಡಿದ್ದು ಲಿನಕ್ಸ್ ಮೇಲೆಯೇ. ಸ್ಟ್ರಾಂಗ್‌ಆರ್ಮ್ ಚಿಪ್ಪು, 32 ಎಂಬಿ ಮೆಮೊರಿ. ಅಷ್ಟರಲ್ಲೇ ಟಚ್ ಪರದೆ, ಸ್ಮಾರ್ಟ್ ಕಾರ್ಡ್ ಓದುವ ಸೌಲಭ್ಯ. ಓದುಬರಹ ಬಾರದವರ ಕೈಗೂ ಕಂಪ್ಯೂಟರ್ ಸಿಗಲಿ ಎಂದು ಹೊರಟವರಿಗೆ ಮೆಮೊರಿ ಎಂದರೆ ನೇರವಾಗಿ ಬೆಲೆ. ಇವತ್ತಿಗೂ ಅಗ್ಗದ ರೂಟರಿನಲ್ಲಿ ಅದೇ ಲೆಕ್ಕ. ಉಳಿಸುವುದು ಒಳ್ಳೆಯ ಬುದ್ಧಿಯೇ.

ಆದರೆ ಉಳಿಸುವ ಉತ್ಸಾಹದಲ್ಲಿ ಪ್ರೋಬ್ ಫಂಕ್ಷನ್ನಿಗೂ ಆ ಗುರುತು ಅಂಟಿಸುವವರಿದ್ದಾರೆ. ಅಲ್ಲಿ ನಿಲ್ಲಿ. ನಮ್ಮ ಎರಿ ಹೊಲದಲ್ಲಿ ಮುಂಗಾರು ಹೆಸರು ಬಿತ್ತಿದ ಮರುದಿನವೇ ಕೂರಿಗೆಯನ್ನು ಯಾರಿಗೋ ಕೊಟ್ಟು ಕೂತರೆ, ಮಳೆ ಕೈಕೊಟ್ಟು ಮರುಬಿತ್ತನೆಗೆ ನಿಂತಾಗ ಏನು ಮಾಡುತ್ತೀರಿ? ಪ್ರೋಬ್ ಕೂಡ ಮತ್ತೆ ಓಡಬಹುದು. ಯಾರೋ ಯುಎಸ್‌ಬಿ ಕಿತ್ತು ಮತ್ತೆ ಚುಚ್ಚುತ್ತಾರೆ. ಕ್ಲಾಕ್ ಅಥವಾ ರೆಗ್ಯುಲೇಟರ್ ಇನ್ನೂ ಎದ್ದಿಲ್ಲವೆಂದು ಡ್ರೈವರೇ ‘ಆಮೇಲೆ ಬಾ’ ಎಂದಿರುತ್ತದೆ. ಆ ಹೊತ್ತಿಗೆ ಕೋಡ್ ಇದ್ದ ಪುಟಗಳು ಬೇರೆಯವರ ಪಾಲಾಗಿರುತ್ತವೆ. ಕರ್ನಲ್ ಕರೆ ಅಲ್ಲಿಗೆ ಹಾರಿದೊಡನೆ ಊಪ್ಸ್.

ಇದನ್ನು ಕರ್ನಲ್ ಕಟ್ಟಿದವರೇ ಕಷ್ಟಪಟ್ಟು ಕಲಿತರು. ‘ಡೆವ್‌ಇನಿಟ್’ ಎಂಬ ನಡುವಿನ ಗುರುತೊಂದಿತ್ತು: ಹಾಟ್‌ಪ್ಲಗ್ ಇಲ್ಲದ ಕರ್ನಲ್‌ನಲ್ಲಿ ಬಿಸಾಡು, ಇದ್ದರೆ ಇಟ್ಟುಕೋ. ಹಾಟ್‌ಪ್ಲಗ್ ಇಲ್ಲದ ಯಂತ್ರವೇ ಅಪರೂಪವಾದಾಗ ಅದರಿಂದ ಉಳಿದದ್ದು ಗೊಂದಲವಷ್ಟೇ. 2013ರ ಹೊತ್ತಿಗೆ ಸಾವಿರಾರು ಕಡೆಗಳಿಂದ ಅದನ್ನು ಕಿತ್ತುಹಾಕಿದರು. ಆ ನಿರ್ಧಾರವನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಬೋರ್ಡಿಗೇ ಬೆಸೆದ, ಎಂದೂ ಕದಲದ ಸಾಧನಕ್ಕೆ ‘ಪ್ಲಾಟ್‌ಫಾರ್ಮ್ ಡ್ರೈವರ್ ಪ್ರೋಬ್’ ಇದೆ. ಆಗ ಪ್ರೋಬನ್ನೂ ಬಿಡುಗಡೆ ಮಾಡಬಹುದು; ಮುಂದೂಡುವ ಸೌಕರ್ಯ ಮಾತ್ರ ಸಿಗುವುದಿಲ್ಲ. ಮಾಡ್ಯೂಲಿನಲ್ಲಂತೂ ಜಾಗ ಸಿಗುವುದೇ ಪುಟದ ಲೆಕ್ಕದಲ್ಲಿ, ಸಾಮಾನ್ಯವಾಗಿ 4 ಕೆಬಿ. ಇನ್ನೂರು ಬೈಟ್ ಪ್ರತ್ಯೇಕಿಸಿದರೆ ಎಷ್ಟೋ ಸಲ ಏನೂ ಉಳಿಯದು.

‘ಎಕ್ಸಿಟ್’ ಗುರುತಿನ ಬಗ್ಗೆಯೂ ಎಚ್ಚರ. ಡ್ರೈವರ್ ಕರ್ನಲ್‌ನೊಳಗೇ ಸೇರಿದ್ದರೆ ಆ ಕೋಡನ್ನು ಬಿಸಾಡಲಾಗುತ್ತದೆ. ಪ್ರೋಬ್ ಸೋತಾಗ ಸ್ವಚ್ಛಮಾಡಲು ಅದನ್ನು ಕರೆಯಬೇಡಿ.

ಬಿಲ್ಡ್ ಮಾಡುವಾಗ ‘ಸೆಕ್ಷನ್ ಮಿಸ್‌ಮ್ಯಾಚ್’ ಎಂಬ ಎಚ್ಚರಿಕೆ ಬಂದರೆ ‘ರೆಫ್’ ಗುರುತು ಹಾಕಿ ಅದರ ಬಾಯಿ ಮುಚ್ಚಿಸಬೇಡಿ. ಯಾರು ಯಾರನ್ನು ಕರೆಯುತ್ತಿದ್ದಾರೆ ಎಂದು ಕೂತು ಓದಿ. ಎಲ್ಲವನ್ನೂ ಅದು ಹಿಡಿಯುತ್ತದೆ ಎಂದೂ ನಂಬಬೇಡಿ. ಪ್ಯಾಚ್ ಕಳಿಸುವ ಮುನ್ನ ಸಿಸ್‌ಎಫ್‌ಎಸ್‌ನಲ್ಲಿ ಸಾಧನದ ಹೆಸರನ್ನು ‘ಅನ್‌ಬೈಂಡ್’ಗೆ ಬರೆದು ಕಳಚಿ, ‘ಬೈಂಡ್’ಗೆ ಬರೆದು ಮತ್ತೆ ಜೋಡಿಸಿ, ಲಾಗ್ ನೋಡಿ. ಮಾಡ್ಯೂಲಾಗಿ ಒಮ್ಮೆ, ಒಳಗೇ ಕಟ್ಟಿ ಇನ್ನೊಮ್ಮೆ.