ಸಿಂಬಿಯಿಂದ ಕುಲಾವಿ



ಬೀದರ ಜಿಲ್ಲೆಯಲ್ಲಿ ಚಳಿಗಾಲದ ಚಳಿ ಜೋರು. ಬೀದರ ಊರಿರಲಿ, ಭಾಲ್ಕಿ, ಔರಾದ ಇರಲಿ, ಆಗ ಕೂಸಿನ ತಲೆಗೆ ಕುಲಾವಿ ಬೇಕು. ಪೇಟೆಯಲ್ಲಿ ಕೊಳ್ಳಬಹುದು. ಮನೆಯಲ್ಲೇ ಹೆಣೆಯಲೂಬಹುದು. ಅದಕ್ಕೆ ಒಂದು ಕ್ರೋಶಾ ಸೂಜಿ ಮತ್ತು ಒಂದು ಉಂಡೆ ನೂಲು ಸಾಕು. ಇನ್ನೊಂದು ವಸ್ತು ಬೇಕು. ಅದು ನಮ್ಮ ಹತ್ತಿರ ಈಗ ಅದ. ಅದು ಯಾವುದು? ಎಣಿಸಿ ಬರೆಯುವ ವಿದ್ಯೆ!

ಕುಲಾವಿ ಗುಂಡಗಿನ ಹೆಣಿಗೆ. ನಮಾಜಿನ ಟೋಪಿಯೂ ಗುಂಡಗಿನದು. ತಂಬಿಗೆಯ ಮೇಲೆ ಹಾಕುವ ಜಾಲಿ ಮುಚ್ಚಿಗೆಯೂ ಗುಂಡಗಿನದೇ. ಇವೆಲ್ಲ ಶುರುವಾಗುವುದು ನಡುವಿನಿಂದ. ನಾವು ಜೋಳದ ರೊಟ್ಟಿಯನ್ನು ನಡುವಿನಿಂದ ಅಂಚಿಗೆ ತಟ್ಟುತ್ತೇವಲ್ಲ, ಹಾಗೆ. ನಡು ಸರಿಯಾದರೆ ಅಂಚು ಸರಿ.

ಬೇಕಾದ ಸಾಮಾನು

ಕಲಿಯುವಾಗ ದಪ್ಪ ಉಲ್ಲನ್ ನೂಲು ತೆಗೆದುಕೊಳ್ಳಿ. ತಿಳಿ ಬಣ್ಣದ ನೂಲು ಇರಲಿ. ಕಪ್ಪು ನೂಲಿನಲ್ಲಿ ಕಂಬಗಳು ಕಣ್ಣಿಗೆ ಕಾಣುವುದಿಲ್ಲ. 4 ಮಿಲಿಮೀಟರ್ ದಪ್ಪದ ಕ್ರೋಶಾ ಸೂಜಿ ಇರಲಿ. ಸೂಜಿಯ ತುದಿಯಲ್ಲಿ ಕೊಕ್ಕೆ ಇರುತ್ತದೆ. ಆ ಕೊಕ್ಕೆಯೇ ನೂಲನ್ನು ಎಳೆಯುತ್ತದೆ. ಬೇರೆ ಬಣ್ಣದ ಒಂದು ತುಂಡು ನೂಲು, ಕತ್ತರಿ, ನೋಟು ಪುಸ್ತಕ, ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ.

ಎರಡು ಹೆಸರು ಕಲಿಯೋಣ

ಕುಣಿಕೆಯೊಳಗಿಂದ ಕುಣಿಕೆ ಎಳೆದರೆ ಚೈನ್. ಅದು ಸರಪಳಿಯಂತೆ ಕಾಣುತ್ತದೆ.

ಚೈನಿನ ಮೇಲೆ ನಿಲ್ಲುವುದು ಕಂಬ. ಗಿಡ್ಡ ಕಂಬ ಹೀಗೆ ಮಾಡುತ್ತಾರೆ. ಸೂಜಿಯನ್ನು ಒಳಗೆ ಹಾಕಿ ನೂಲು ಎಳೆದು ತನ್ನಿ. ಈಗ ಸೂಜಿಯ ಮೇಲೆ ಎರಡು ಕುಣಿಕೆ ಇವೆ. ಮತ್ತೆ ನೂಲು ಹಿಡಿದು ಎರಡರೊಳಗಿಂದಲೂ ಎಳೆಯಿರಿ. ಒಂದು ಗಿಡ್ಡ ಕಂಬ ಆಯಿತು.

ಮರಾಠಿ ಮಾತಾಡುವ ಅಕ್ಕಂದಿರು ಇವಕ್ಕೆ ಸಾಖಳಿ, ಖಾಂಬ ಅಂತಾರ. ಹೆಸರು ಬೇರೆ, ಕೆಲಸ ಒಂದೇ. ಅಚ್ಚಾದ ಪುಸ್ತಕಗಳಲ್ಲೂ ಹೆಸರು ಬೇರೆ ಬೇರೆ. ಈ ಗಿಡ್ಡ ಕಂಬಕ್ಕೆ ಅಮೆರಿಕದ ಪುಸ್ತಕ ಸಿಂಗಲ್ ಅನ್ನುತ್ತದೆ. ಇಂಗ್ಲೆಂಡಿನ ಪುಸ್ತಕ ಡಬಲ್ ಅನ್ನುತ್ತದೆ. ಅದಕ್ಕೇ ಹೆಸರು ನೋಡಿ ಮೋಸ ಹೋಗಬಾರದು. ಚಿತ್ರ ನೋಡಬೇಕು.

ಮೊದಲು ಸಿಂಬಿ

ಕೊಡ ಹೊರುವಾಗ ತಲೆಯ ಮೇಲೆ ಸಿಂಬಿ ಇಡುತ್ತೇವೆ. ಗುಂಡು ಹೆಣಿಗೆಗೂ ಮೊದಲು ಒಂದು ಸಿಂಬಿ ಬೇಕು. ಇದನ್ನು ಎರಡು ರೀತಿ ಮಾಡಬಹುದು.

ಒಂದನೆಯದು ಚೈನಿನ ಸಿಂಬಿ. 4 ಚೈನ್ ಹಾಕಿ. ಮೊದಲನೇ ಚೈನಿಗೆ ಸೂಜಿ ಹಾಕಿ, ನೂಲು ಎಳೆದು ಜೋಡಿಸಿ. ಉಂಗುರ ಆಯಿತು. ಇದು ಸುಲಭ. ಆದರೆ ನಡುವೆ ತೂತು ಉಳಿಯುತ್ತದೆ. ಜಾಲಿ ಮುಚ್ಚಿಗೆಗೆ ಇದು ಚಂದ.

ಎರಡನೆಯದು ನೂಲಿನ ಸಿಂಬಿ. ಎಡಗೈಯ ಎರಡು ಬೆರಳಿಗೆ ನೂಲನ್ನು ಒಂದು ಸುತ್ತು ಸುತ್ತಿ. ಬಾಲ ಒಂದು ಗೇಣು ಉದ್ದ ಇರಲಿ. ಸುತ್ತಿನೊಳಗೆ ಸೂಜಿ ಹಾಕಿ, ಉಂಡೆಯ ಕಡೆಯ ನೂಲನ್ನು ಎಳೆದು ತನ್ನಿ. ಒಂದು ಚೈನ್ ಹಾಕಿ. ಈ ಚೈನನ್ನು ಎಣಿಸಬಾರದು. ಈಗ ಸಿಂಬಿಯೊಳಗೆ 6 ಗಿಡ್ಡ ಕಂಬ ಹಾಕಿ. ಪ್ರತಿ ಕಂಬವೂ ಸಿಂಬಿಯ ನೂಲನ್ನೂ ಬಾಲವನ್ನೂ ಸೇರಿಸಿ ಹಿಡಿಯಬೇಕು. ಆಮೇಲೆ ಬಾಲವನ್ನು ಎಳೆಯಿರಿ. ತೂತು ಮುಚ್ಚುತ್ತದೆ. ಗಾಳಿ ಹೋಗದ ಕುಲಾವಿಗೆ ಇದೇ ಒಳ್ಳೆಯದು.

ಕೆಲಸ ಮುಗಿದ ಮೇಲೆ ಬಾಲವನ್ನು ಹೊಲಿಗೆ ಸೂಜಿಯಿಂದ ಒಳಗೆ ಸೇರಿಸಿ ಹೊಲಿಯಿರಿ. ಮರೆಯಬೇಡಿ. ಇಲ್ಲದಿದ್ದರೆ ಒಗೆದಾಗ ನಡು ಬಿಚ್ಚಿಕೊಳ್ಳುತ್ತದೆ.

ಸುತ್ತಿಗೆ ಆರು

ಸಿಂಬಿಯೊಳಗಿನ 6 ಕಂಬವೇ ಮೊದಲ ಸುತ್ತು. ಮುಂದೆ ಪ್ರತಿ ಸುತ್ತಿಗೆ 6 ಕಂಬ ಹೆಚ್ಚಿಸಬೇಕು.

ಸುತ್ತು 1: ಸಿಂಬಿಯೊಳಗೆ 6 ಕಂಬ. ಒಟ್ಟು 6.
ಸುತ್ತು 2: ಪ್ರತಿ ಕಂಬದ ಮೇಲೆ 2 ಕಂಬ. ಒಟ್ಟು 12.
ಸುತ್ತು 3: ಒಂದರ ಮೇಲೆ 1, ಮುಂದಿನದರ ಮೇಲೆ 2. ಒಟ್ಟು 18.
ಸುತ್ತು 4: ಎರಡು ಕಂಬಗಳ ಮೇಲೆ ಒಂದೊಂದು, ಮುಂದಿನದರ ಮೇಲೆ 2. ಒಟ್ಟು 24.

ಸುತ್ತು ಮುಗಿದಾಗ ಜೋಡಿಸಬೇಡಿ. ಹಾಗೇ ಮುಂದೆ ಹೆಣೆಯುತ್ತಾ ಹೋಗಿ. ಆದರೆ ಸುತ್ತು ಎಲ್ಲಿ ಶುರುವಾಯಿತು ಅಂತ ಹೇಗೆ ಗೊತ್ತಾಗಬೇಕು? ಪ್ರತಿ ಸುತ್ತಿನ ಮೊದಲ ಕಂಬಕ್ಕೆ ಬೇರೆ ಬಣ್ಣದ ನೂಲಿನ ತುಂಡು ಸಿಕ್ಕಿಸಿ. ಅದು ನಮ್ಮ ಗುರುತು.

"ಅಕ್ಕಾ, ನಂದು ಬಟ್ಟಲದಂಗ ಮಡಚಿಕೊಂಡದಲ್ಲಾ?"

"ಕಂಬ ಎಣಿಸು ತಂಗಿ. ಕಡಿಮೆ ಬಿದ್ದಾವ."

"ನಂದು ಸೀರಿ ನಿರಿಗಿಯಂಗ ಅಲೆ ಅಲೆ ಆಗ್ಯದ."

"ನಿನ್ನ ಕಂಬ ಹೆಚ್ಚಾಗ್ಯಾವ."

ಕಂಬ ಕಡಿಮೆಯಾದರೆ ಅಂಚು ಬಿಗಿಯಾಗಿ ಮೇಲೇಳುತ್ತದೆ. ಹೆಚ್ಚಾದರೆ ಅಂಚು ಸಡಿಲಾಗಿ ಅಲೆಯಾಗುತ್ತದೆ. ಎಣಿಕೆ ಸರಿ ಇದ್ದರೆ ರೊಟ್ಟಿಯಂತೆ ಸಪಾಟಾಗಿ ಕೂಡುತ್ತದೆ. ತಪ್ಪಿದರೆ ಹೆದರಬೇಡಿ. ಗುರುತಿನ ನೂಲಿನ ತನಕ ಬಿಚ್ಚಿ, ಮತ್ತೆ ಹೆಣೆಯಿರಿ. ನೂಲು ಹಾಳಾಗುವುದಿಲ್ಲ.

ಸಪಾಟು ತಟ್ಟೆ ಕುಲಾವಿ ಆಗುವುದು ಹೇಗೆ?

ಕೂಸಿನ ತಲೆಯ ಸುತ್ತಳತೆ ತೆಗೆಯಿರಿ. ಅದು 42 ಸೆಂಟಿಮೀಟರ್ ಅನ್ನೋಣ. 42ನ್ನು 3ರಿಂದ ಭಾಗಿಸಿದರೆ 14. ಅದಕ್ಕಿಂತ ಒಂದು ಕಡಿಮೆ ಹಿಡಿಯಿರಿ. 13 ಆಯಿತು. ನಿಮ್ಮ ತಟ್ಟೆ 13 ಸೆಂಟಿಮೀಟರ್ ಅಗಲ ಆಗುವ ತನಕ ಸುತ್ತಿಗೆ 6 ಹೆಚ್ಚಿಸಿ.

ಆಮೇಲೆ ಹೆಚ್ಚಿಸುವುದನ್ನು ನಿಲ್ಲಿಸಿ. ಪ್ರತಿ ಕಂಬದ ಮೇಲೆ ಒಂದೇ ಕಂಬ ಹಾಕುತ್ತಾ ಸುತ್ತಿ. ತಟ್ಟೆ ಕೆಳಗೆ ಬಾಗುತ್ತದೆ. ಕಿವಿ ಮುಚ್ಚುವಷ್ಟು ಆದ ಮೇಲೆ ನೂಲು ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ಎಳೆದು ಬಿಗಿ ಮಾಡಿ. ಕುಲಾವಿ ತಯಾರು!

ಬರೆದಿಟ್ಟವಳ ಕೈ ಮೇಲು

ಒಂದು ಸುತ್ತು ಮುಗಿದ ಕೂಡಲೇ ಪುಸ್ತಕದಲ್ಲಿ ಬರೆಯಿರಿ. ಸುತ್ತು ಎಷ್ಟನೆಯದು? ಕಂಬ ಎಷ್ಟು? ಅಡಿಗೆಗೆ ಎದ್ದು ಹೋದರೂ, ಕೂಸು ಅತ್ತರೂ ಲೆಕ್ಕ ತಪ್ಪುವುದಿಲ್ಲ. ಮುಂದಿನ ವರ್ಷ ಅದೇ ಅಳತೆಯ ಕುಲಾವಿ ಮತ್ತೆ ಮಾಡಬಹುದು. ನೆರೆಯವಳಿಗೆ ಕಲಿಸಬಹುದು.

ಇನ್ನೊಂದು ಲೆಕ್ಕವನ್ನೂ ಬರೆಯಬೇಕು. ಅದು ಸಮಯದ ಲೆಕ್ಕ.

ಆಂಧ್ರಪ್ರದೇಶದಲ್ಲಿ ಗೋದಾವರಿ ನದಿ ಸಮುದ್ರ ಸೇರುವ ಕಡೆ ನರಸಾಪುರ ಎಂಬ ಊರಿದೆ. ಅಲ್ಲಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಸಾವಿರಾರು ಹೆಂಗಸರು ಕ್ರೋಶಾ ಲೇಸ್ ಹೆಣೆಯುತ್ತಾರೆ. ಅವರ ಲೇಸ್ ಹೊರದೇಶಗಳಿಗೂ ಹೋಗುತ್ತದೆ. ಜರ್ಮನಿಯ ಮರಿಯಾ ಮೀಸ್ ಎಂಬ ವಿದ್ವಾಂಸೆ ಅಲ್ಲಿಗೆ ಬಂದು ಅವರ ಬದುಕನ್ನು ನೋಡಿದರು. 1982ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದೇನು? ಹೆಂಗಸರು ದಿನವೆಲ್ಲ ಹೆಣೆಯುತ್ತಿದ್ದರು. ಆದರೂ ಅವರನ್ನು ಕೆಲಸಗಾರರು ಅಂತ ಯಾರೂ ಎಣಿಸುತ್ತಿರಲಿಲ್ಲ. "ಮನೆಯಲ್ಲಿ ಸುಮ್ಮನೆ ಕೂತವರು" ಅನ್ನುವ ಭಾವನೆ ಇತ್ತು. ಕೂಲಿ ಬಹಳ ಕಡಿಮೆ ಸಿಗುತ್ತಿತ್ತು. ಲಾಭ ವ್ಯಾಪಾರಿಗಳ ಕೈಗೆ ಹೋಗುತ್ತಿತ್ತು.

2024ರಲ್ಲಿ ನರಸಾಪುರದ ಲೇಸಿಗೆ ಭೌಗೋಳಿಕ ಗುರುತು ಸಿಕ್ಕಿತು. ನಮ್ಮ ಬೀದರಿನ ಬಿದರಿ ಕೆಲಸಕ್ಕೂ ಇಂಥ ಗುರುತು ಇದೆ. ಊರಿನ ಹೆಸರಿಗೆ ಅದರಿಂದ ಮಾನ ಬಂತು. ಆದರೆ ಕೈಗೆ ಎಷ್ಟು ಬಂತು ಅನ್ನುವುದನ್ನು ನಾವೇ ಎಣಿಸಬೇಕು.

ಒಂದು ಲೆಕ್ಕ ಮಾಡೋಣ. ಔರಾದದ ಒಬ್ಬ ಅಕ್ಕ ಕುಲಾವಿ ಹೆಣೆದಳು ಅಂತ ಇಟ್ಟುಕೊಳ್ಳೋಣ. ಅಂಗಡಿಯವನು 100 ರೂಪಾಯಿ ಕೊಟ್ಟ. ನೂಲಿಗೆ 40 ರೂಪಾಯಿ ಹೋಯಿತು. ಉಳಿದದ್ದು 60. ಹೆಣೆಯಲು 6 ಗಂಟೆ ಹಿಡಿಯಿತು. ಅಂದರೆ ಗಂಟೆಗೆ 10 ರೂಪಾಯಿ ಮಾತ್ರ! ಬರೆಯದಿದ್ದರೆ ಅವಳು "ನೂರು ರೂಪಾಯಿ ಬಂತು" ಅಂತಲೇ ತಿಳಿಯುತ್ತಿದ್ದಳು. ಈಗ ಅವಳು ಪುಸ್ತಕ ತೋರಿಸಿ ಕೇಳಬಹುದು: "ಅಣ್ಣಾ, ಆರು ತಾಸು ದುಡಿದೀನಿ. ಇದಕ್ಕ ಈ ರೊಕ್ಕ ಸಾಲೂದಿಲ್ಲ." ಒಬ್ಬಳೇ ಕೇಳಿದರೆ ಅವನು ಕಿವಿಗೆ ಹಾಕಿಕೊಳ್ಳದೆ ಇರಬಹುದು. ಸಂಘದ ಹತ್ತು ಮಂದಿ ಒಂದೇ ದರ ಬರೆದುಕೊಂಡು ಹೋದರೆ ಮಾತಿಗೆ ತೂಕ ಬರುತ್ತದೆ.

ಓದಿ, ಉತ್ತರ ಬರೆಯಿರಿ

1. ಬಿಟ್ಟ ಜಾಗ ತುಂಬಿಸಿ: 6, 12, 18, 24, ___, ___.
2. ಹೆಣಿಗೆ ಬಟ್ಟಲಿನಂತೆ ಮಡಚಿಕೊಂಡರೆ ಕಂಬ ಹೆಚ್ಚೋ, ಕಡಿಮೆಯೋ?
3. ಜಾಲಿ ಮುಚ್ಚಿಗೆಗೆ ಯಾವ ಸಿಂಬಿ ಚಂದ? ಕುಲಾವಿಗೆ ಯಾವುದು ಒಳ್ಳೆಯದು?
4. ಭಾಲ್ಕಿಯ ಒಬ್ಬ ಅಕ್ಕ ಟೋಪಿಯನ್ನು 150 ರೂಪಾಯಿಗೆ ಮಾರಿದಳು. ನೂಲಿಗೆ 45 ರೂಪಾಯಿ ಖರ್ಚು. 7 ಗಂಟೆ ಕೆಲಸ. ಗಂಟೆಗೆ ಎಷ್ಟು ಬಿತ್ತು?
5. ನಿಮ್ಮ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಹೆಸರು, ಇವತ್ತಿನ ತಾರೀಖು ಬರೆಯಿರಿ. ಅದರ ಕೆಳಗೆ "ಸುತ್ತು 1: 6 ಕಂಬ" ಅಂತ ಬರೆದು ಹೆಣಿಗೆ ಶುರು ಮಾಡ್ರಿ.