ಪುಟ್ಟ ನಾಯಿಯ ಎದೆಯೊಳಗಿನ ಮರ್ಮರ: ಹೃದಯಕವಾಟದ ರೋಗವನ್ನು ಮೊದಲೇ ಅರಿಯುವ ಬಗೆ

ಕುಂದಾಪುರದ ಪೇಟೆಯ ಮನೆಗಳಲ್ಲಿಯೂ ಬ್ರಹ್ಮಾವರ, ಬೈಂದೂರುಗಳ ತೋಟದ ಮನೆಗಳಲ್ಲಿಯೂ ಹಿಂದೆ ಅಂಗಳ ಕಾಯುವ ನಾಡನಾಯಿಯೊಂದೇ ಇರುತ್ತಿದ್ದಿತು. ಈಗ ನಾವು ಪಮೇರಿಯನ್ ಎಂದೇ ಕರೆಯುವ ಬಿಳಿಯ ಸ್ಪಿಟ್ಜ್, ಉದ್ದ ಮೈಯ ಡ್ಯಾಷ್‌ಹಂಡ್, ಶಿಹ್‌ಟ್ಸು ಮೊದಲಾದ ಸಣ್ಣ ತಳಿಗಳು ಜಗಲಿಯನ್ನು ದಾಟಿ ಮಕ್ಕಳ ಮಗ್ಗುಲಲ್ಲಿಯೇ ಮಲಗತೊಡಗಿವೆ. ನಾಯಿಗಳ ಹೃದ್ರೋಗಗಳಲ್ಲಿ ಸುಮಾರು ಮುಕ್ಕಾಲು ಪಾಲು ಎಡಭಾಗದ ಮೈಟ್ರಲ್ ಎಂಬ ದ್ವಿದಳ ಕವಾಟದ ಜೀರ್ಣತೆಯೇ ಆಗಿದ್ದು, ಅದು ಮುಖ್ಯವಾಗಿ 20 ಕಿಲೋ ಮೀರದ ತಳಿಗಳನ್ನು ನಡುವಯಸ್ಸಿನ ಅನಂತರ ಬಾಧಿಸುತ್ತದೆ. ಕವಾಟದ ದಳಗಳು ದಪ್ಪಗಾಗಿ, ಗಂಟುಗಟ್ಟಿ, ಒಂದಕ್ಕೊಂದು ಸರಿಯಾಗಿ ಕೂಡದೆ ಹೋದಾಗ, ಕಿಂಡಿ ಅಣೆಕಟ್ಟಿನ ಹಲಗೆ ಸವೆದು ಭರತದ ಉಪ್ಪುನೀರು ಗದ್ದೆಯ ಕಡೆಗೆ ನುಗ್ಗುವಂತೆ, ಹೃದಯದ ಪ್ರತಿಯೊಂದು ಸಂಕೋಚನದಲ್ಲಿಯೂ ರಕ್ತದ ಒಂದಂಶವು ಎಡ ಹೃತ್ಕರ್ಣಕ್ಕೆ ಹಿಮ್ಮರಳುತ್ತದೆ. ಹೀಗೆ ವರ್ಷಗಳು ಕಳೆದರೂ ನಾಯಿಯು ಉಣ್ಣುವುದನ್ನಾಗಲಿ, ಆಡುವುದನ್ನಾಗಲಿ, ಬಾಗಿಲಿಗೆ ಬಂದವರನ್ನು ಬೊಗಳುವುದನ್ನಾಗಲಿ ಬಿಡುವುದಿಲ್ಲವಾದ್ದರಿಂದ, ರೋಗವನ್ನು ಅದರ ಚೇಷ್ಟೆಯಿಂದ ಅಳೆಯಲು ಹೊರಟವರು ತಡವಾಗಿಯೇ ತಿಳಿಯುವರು.

ಆದಕಾರಣ ಮೊದಲ ಹೆಜ್ಜೆಯೆಂದರೆ ಸ್ಟೆತಾಸ್ಕೋಪು. ಪಶು ಆಸ್ಪತ್ರೆಗೆ ರೇಬೀಸ್ ಲಸಿಕೆಗೆಂದು ವರ್ಷಕ್ಕೊಮ್ಮೆ ಕರೆದೊಯ್ಯುವಾಗಲೇ, ಚುಚ್ಚುಮದ್ದಿಗೆ ಮುನ್ನ ಎದೆಯ ಎಡಭಾಗವನ್ನು ನಿಧಾನವಾಗಿ ಆಲಿಸಿರೆಂದು ವೈದ್ಯರನ್ನು ಸಂಕೋಚವಿಲ್ಲದೆ ಕೇಳತಕ್ಕದ್ದು; ಹಿಮ್ಮರಳುವ ರಕ್ತವು ಮರ್ಮರ ಧ್ವನಿಯನ್ನುಂಟುಮಾಡುತ್ತಿದ್ದು, ಇತರ ಲಕ್ಷಣಗಳಿಗಿಂತ ಎಷ್ಟೋ ಮೊದಲು ಅದು ಕಿವಿಗೆ ಸಿಗುತ್ತದೆ. ಅದರ ತೀವ್ರತೆಯನ್ನು 1ರಿಂದ 6ರವರೆಗೆ ಅಳೆಯುವರು. ಆ ಅಂಕೆಯನ್ನು ಲಸಿಕೆಯ ಪುಸ್ತಕದಲ್ಲಿಯೇ ಬರೆಯಿಸಿಕೊಂಡರೆ ಮುಂದಿನ ವರ್ಷ ಹೋಲಿಸಿನೋಡಲು ಆಧಾರವಿರುವುದು. ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಯಲ್ಲಿ ರೋಗವು ಎಳೆಯ ಪ್ರಾಯದಲ್ಲಿಯೇ ತೋರಬಹುದಾದ್ದರಿಂದ ಅದನ್ನು ಸಾಕಿದವರು ಮೊದಲ ವರ್ಷದಿಂದಲೇ ಜಾಗರೂಕರಾಗಿರಬೇಕು.

ಎರಡನೆಯದು ಮನೆಯವರೇ ಮಾಡತಕ್ಕ ಕಾರ್ಯ, ಮತ್ತು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು: ನಿದ್ರಿಸುವ ನಾಯಿಯ ಉಸಿರನ್ನು ಎಣಿಸುವುದು. ಪಕ್ಕೆಯು ಒಮ್ಮೆ ಏರಿ ಇಳಿದರೆ ಒಂದು ಉಸಿರೆಂದು ಲೆಕ್ಕವಿಟ್ಟು, ಗಡಿಯಾರ ನೋಡಿಕೊಂಡು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿದರೆ ನಿಮಿಷದ ಲೆಕ್ಕವು ದೊರೆಯುತ್ತದೆ. ಸ್ವಸ್ಥವಾದ ನಾಯಿಯಲ್ಲಿ ಇದು ಸಾಮಾನ್ಯವಾಗಿ 30ಕ್ಕಿಂತ ಕೆಳಗಿರುತ್ತದೆ. ನಮ್ಮ ಕರಾವಳಿಯ ಏಪ್ರಿಲ್-ಮೇ ತಿಂಗಳ ಸೆಕೆಯಲ್ಲಿ ನಾಲಗೆ ಚಾಚಿ ಏದುಸಿರು ಬಿಡುವ ನಾಯಿಯನ್ನು ಎಣಿಸಿದರೆ ಆ ಸಂಖ್ಯೆಗೆ ಅರ್ಥವಿಲ್ಲ. ಸೂರ್ಯೋದಯಕ್ಕೆ ಮುಂಚೆ, ತಂಪಾದ ಹೊತ್ತಿನಲ್ಲಿ, ಅದು ಕನಸಿನಲ್ಲಿ ಕಾಲು ಝಾಡಿಸದೆ ಗಾಢವಾಗಿ ಮಲಗಿರುವಾಗ ಎಣಿಸಬೇಕು. ಕೆಲವು ದಿನ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಆ ನಾಯಿಯ ಸಹಜವಾದ ಅಂಕೆ ಯಾವುದೆಂಬುದು ಗೊತ್ತಾಗುತ್ತದೆ. ಅನಂತರ ಅದು ಏರುತ್ತ ಹೋದರೆ, ಅಥವಾ ಮತ್ತೆ ಮತ್ತೆ 30ನ್ನು ದಾಟಿದರೆ, ಅದೇ ದಿನ ವೈದ್ಯರಿಗೆ ತಿಳಿಸತಕ್ಕದ್ದು. ಮಲಗಲಾರದೆ ಕತ್ತು ಚಾಚಿ ಕುಳಿತು ಉಸಿರಿಗಾಗಿ ಹೆಣಗುವುದು, ವಸಡು ನೀಲಿಯಾಗುವುದು, ಇವು ತುರ್ತುಸ್ಥಿತಿಯ ಲಕ್ಷಣಗಳು, ರಾತ್ರಿಯೆಂದು ಕಾಯಕೂಡದು.

ಕೆಮ್ಮಿನ ವಿಷಯದಲ್ಲಿ ಮಾತ್ರ ಆತುರದ ತೀರ್ಮಾನ ಬೇಡ. ಹಿಗ್ಗಿದ ಹೃತ್ಕರ್ಣವು ಶ್ವಾಸನಾಳವನ್ನು ಒತ್ತಿ ಕೆಮ್ಮು ಹುಟ್ಟಿಸುವುದು ನಿಜ; ಆದರೆ ಪಮೇರಿಯನ್ ಮುಂತಾದ ತಳಿಗಳಲ್ಲಿ ಶ್ವಾಸನಾಳವೇ ಕುಸಿದು ಒಣಕೆಮ್ಮು ಬರುವುದೂ ಅಷ್ಟೇ ನಿಜ. ಕೋಟೇಶ್ವರದ ಕೊಡಿಹಬ್ಬದ ಕದಿನ ಸದ್ದಿಗೋ ಮನೆಯವರು ಬಂದ ಸಂತೋಷಕ್ಕೋ ಉದ್ರೇಕಗೊಂಡು ನಾಯಿ ಹಠಾತ್ತನೆ ಕುಸಿದುಬಿದ್ದು ಕ್ಷಣದಲ್ಲಿಯೇ ಎದ್ದರೆ, ಸಾಧ್ಯವಾದರೆ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ಅದು ಮೂರ್ಛೆಯೋ ಅಪಸ್ಮಾರವೋ ಎಂಬುದನ್ನು ನಿರ್ಧರಿಸಲು ನಮ್ಮ ವರ್ಣನೆಗಿಂತ ಅದೇ ಹೆಚ್ಚು ನೆರವಾಗುತ್ತದೆ.

ಮರ್ಮರವು ಕೇಳಿಸಿತೆಂದಮಾತ್ರಕ್ಕೆ ಎದೆಗೆಡಬೇಕಾಗಿಲ್ಲ. ಹೃದಯವು ಹಿಗ್ಗದಿರುವ ಹಂತವನ್ನು ವೈದ್ಯರು ಬಿ1 ಎನ್ನುವರು. ಅದಕ್ಕೆ ಔಷಧಿ ಬೇಡ, ಕಾಲಕಾಲಕ್ಕೆ ಪರೀಕ್ಷೆ ಸಾಕು. ಹಿಗ್ಗಿದ್ದರೂ ಲಕ್ಷಣಗಳಿಲ್ಲದ ಹಂತ ಬಿ2. ಇವೆರಡನ್ನು ಬೇರ್ಪಡಿಸುವುದು ಎಕ್ಸ್-ರೇ ಮತ್ತು ಎಕೋ ಪರೀಕ್ಷೆಗಳಿಂದಲ್ಲದೆ ಕಿವಿಯಿಂದಲ್ಲ. ಊರಿನಲ್ಲಿ ಎಕೋ ಸೌಲಭ್ಯ ಸಿಗದಿದ್ದರೆ, ಘಟ್ಟ ಹತ್ತಿ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೋ ಬೆಂಗಳೂರಿನ ಹೆಬ್ಬಾಳದ ಕಾಲೇಜಿಗೋ ಹೋಗಬೇಕೇ ಎಂದು ವೈದ್ಯರನ್ನು ಕೇಳಿ, ಮೊದಲೇ ವಿಚಾರಿಸಿಕೊಂಡು ನಸುಕಿನ ತಂಪಿನಲ್ಲಿ ಹೊರಡಬಹುದು. ಈ ಶ್ರಮಕ್ಕೆ ದೊಡ್ಡ ಪ್ರತಿಫಲವುಂಟು: 2016ರಲ್ಲಿ ಪ್ರಕಟವಾದ ಎಪಿಕ್ ಎಂಬ ಅಧ್ಯಯನವು, ಹೃದಯ ಹಿಗ್ಗಿದ ನಾಯಿಗಳಿಗೆ ಪಿಮೊಬೆಂಡಾನ್ ಎಂಬ ಮಾತ್ರೆಯನ್ನು ಲಕ್ಷಣಗಳಿಗೆ ಮೊದಲೇ ಆರಂಭಿಸಿದರೆ ಹೃದಯವೈಫಲ್ಯವು ಸರಾಸರಿ ಸುಮಾರು 15 ತಿಂಗಳು ಮುಂದೆ ಹೋಗುವುದೆಂದು ತೋರಿಸಿತು. ನಾಯಿಯ ಬಾಳಿನಲ್ಲಿ ಅದು ಸಣ್ಣ ಕಾಲವಲ್ಲ.

ಊಟದ ವಿಷಯದಲ್ಲಿ ನಮ್ಮ ಕಡೆಯ ಅಭ್ಯಾಸವೊಂದನ್ನು ಹೇಳಲೇಬೇಕು. ಗಂಜಿಗೆ ಒಣಮೀನಿನ ಚೂರನ್ನು ಬೆರೆಸಿ ಹಾಕುವುದು ಪ್ರೀತಿಯಿಂದಲೇ ಆದರೂ, ಹೃದಯ ಸೋತ ನಾಯಿಗೆ ಆ ಉಪ್ಪು ನೀರನ್ನು ದೇಹದಲ್ಲಿ ತಡೆಹಿಡಿಯುತ್ತದೆ. ಹಪ್ಪಳ, ಉಪ್ಪಿನಕಾಯಿಯ ರಸ, ಬೇಕರಿಯ ಖಾರದ ತಿನಿಸುಗಳೂ ಅಂತೆಯೇ. ಉಪ್ಪಿಲ್ಲದೆ ಬೇಯಿಸಿ ಮುಳ್ಳು ತೆಗೆದ ತಾಜಾ ಮೀನು ಆಗಬಹುದು. ಮನೆಯ ಹಿರಿಯರ ರಕ್ತದೊತ್ತಡದ ಮಾತ್ರೆಯನ್ನು ಮುರಿದು ಕೊಡುವ ಸಾಹಸಕ್ಕೆ ಎಂದೂ ಕೈಹಾಕಬಾರದು. ವೈದ್ಯರು ಬರೆದ ಮಾತ್ರೆಯು ಊರಿನ ಅಂಗಡಿಯಲ್ಲಿ ಯಾವಾಗಲೂ ಸಿಕ್ಕೀತೆಂಬ ಭರವಸೆಯಿಲ್ಲದಿರುವುದರಿಂದ, ಒಂದು ದಿನವೂ ತಪ್ಪದಂತೆ, ಜೂನಿನ ಮಳೆಯು ಹಿಡಿಯುವ ಮುನ್ನವೇ ಒಂದೆರಡು ತಿಂಗಳಿಗಾಗುವಷ್ಟನ್ನು ತರಿಸಿ, ತೇವ ತಾಕದ ಡಬ್ಬಿಯಲ್ಲಿ ಇಟ್ಟುಕೊಳ್ಳಿ.