ಗೋಮಾಳದಲ್ಲಿ ಇಂಧನ ಬೆಳೆ: ಲೆಕ್ಕಕ್ಕೆ ಬಾರದ ವೆಚ್ಚ

ಬಾಡಿಗೆಯಿಲ್ಲದೆ ದೊರೆತ ಭೂಮಿಯ ವೆಚ್ಚವನ್ನು ಶೂನ್ಯವೆಂದು ನಮೂದಿಸುವುದು ಯೋಜನಾ ವರದಿಗಳ ಸಾಮಾನ್ಯ ದೋಷ. ಜೈವಿಕ ಡೀಸೆಲ್‌ನ ಅನುಭವವು ಇದಕ್ಕೆ ಉತ್ತಮ ನಿದರ್ಶನ.

2011-12ರೊಳಗೆ ಡೀಸೆಲ್‌ಗೆ ಶೇ. 20ರಷ್ಟು ಜೈವಿಕ ಡೀಸೆಲ್ ಬೆರೆಸಲು 1.12 ಕೋಟಿ ಹೆಕ್ಟೇರ್‌ನಲ್ಲಿ ಜಟ್ರೋಫಾ ಬೆಳೆಯಬೇಕೆಂದು ಯೋಜನಾ ಆಯೋಗದ ಸಮಿತಿಯು 2003ರಲ್ಲಿ ಅಂದಾಜಿಸಿತು. ಇದಕ್ಕಾಗಿ ‘ಪಾಳುಭೂಮಿ’ಯನ್ನು ಗುರುತಿಸಲಾಯಿತು. ಆದರೆ ದಾಖಲೆಯಲ್ಲಿ ಪಾಳೆನಿಸಿದ ನೆಲವು ಎಷ್ಟೋ ಗ್ರಾಮಗಳಲ್ಲಿ ದನಕುರಿಗಳ ಮೇವಿನ ಆಸರೆ. ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳವಿರಬೇಕೆಂಬುದು 1966ರ ಕರ್ನಾಟಕ ಭೂಕಂದಾಯ ನಿಯಮಾವಳಿಯ 97ನೆಯ ನಿಯಮ.

ಗೋಮಾಳದಲ್ಲಿ ಜಟ್ರೋಫಾ ನೆಟ್ಟರೆ ನಷ್ಟವು ಎರಡು ಬಗೆಯದು. ಅದರ ಎಲೆಯನ್ನು ದನಗಳು ತಿನ್ನುವುದಿಲ್ಲವಾದ್ದರಿಂದ ರೈತನು ಮೇವನ್ನು ಕೊಳ್ಳಬೇಕಾಗುತ್ತದೆ. ಹಿಂಡಿಯು ವಿಷಯುಕ್ತವಾದ್ದರಿಂದ ಎಣ್ಣೆ ಗಿರಣಿಯವರು ಅದನ್ನು ಶೇಂಗಾ ಹಿಂಡಿಯಂತೆ ಪಶು ಆಹಾರವಾಗಿ ಮಾರಲಾಗದು, ಗೊಬ್ಬರವಾಗಿಯಷ್ಟೇ ಮಾರಬೇಕು. 2006ರ ಜನವರಿಯಿಂದ ಲೀಟರಿಗೆ 25 ರೂ. ಖರೀದಿ ದರ ನಿಗದಿಯಾದರೂ ಉತ್ಪಾದನಾ ವೆಚ್ಚವು ಅದನ್ನು ಮೀರಿದ್ದರಿಂದ ಪೂರೈಕೆಯು ನಗಣ್ಯವಾಯಿತು.

2018ರ ರಾಷ್ಟ್ರೀಯ ನೀತಿಯು 2030ಕ್ಕೆ ಶೇ. 5ರಷ್ಟು ಮಿಶ್ರಣದ ಗುರಿಯನ್ನಿರಿಸಿದೆ. ಈ ಉದ್ಯಮದಲ್ಲಿ ಬಂಡವಾಳ ಹೂಡುವವರು ಮೂರು ಅಂಶಗಳನ್ನು ಪರಿಶೀಲಿಸಬೇಕು:

1. ಕೈತಪ್ಪುವ ಮೇವಿನ ಮಾರುಕಟ್ಟೆ ಬೆಲೆಯನ್ನು ವಾರ್ಷಿಕ ವೆಚ್ಚವಾಗಿ ಸೇರಿಸುವುದು.

2. ಫಸಲು ಬಾರದ ಆರಂಭದ ವರ್ಷಗಳ ಬಡ್ಡಿಯನ್ನು ಲೆಕ್ಕ ಹಿಡಿಯುವುದು.

3. ಭೂಮಿಯ ಹಕ್ಕನ್ನು ಖಚಿತಪಡಿಸಿಕೊಳ್ಳುವುದು. ಗ್ರಾಮದ ಸಾರ್ವಜನಿಕ ಭೂಮಿಯ ಒತ್ತುವರಿಯನ್ನು ತೆರವುಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ರಾಜ್ಯಗಳಿಗೆ ನಿರ್ದೇಶಿಸಿದೆ.

ಹೊಲದ ಬದು, ರಸ್ತೆಬದಿಗಳ ಹೊಂಗೆ ಬೀಜವನ್ನು ಸಂಗ್ರಹಿಸಿದರೆ ಗೋಮಾಳವನ್ನು ಮುಟ್ಟಬೇಕಿಲ್ಲ. ಪ್ರಮಾಣವು ಕಡಿಮೆಯಾದರೂ ಅದು ಸಣ್ಣ ಗಿರಣಿಗೆ ನಿಲ್ಲುವ ಲೆಕ್ಕ.